ಅಚ್ಚಿನ ಅಕ್ಷರದ ನಂಬುಗೆ

ಚಾಮರಾಜನಗರ ಸೀಮೆಯ ಉಡಿಗಾಲದಂಥ ಊರಿನ ಓದುಗನು ವೃತ್ತಪತ್ರಿಕೆಯನ್ನು ತೂಗುವ ತಕ್ಕಡಿಯು ಪಟ್ಟಣದ ಪಂಡಿತರದಕ್ಕಿಂತ ನಿಷ್ಠುರವಾದುದು; ಏಕೆಂದರೆ ಅರಿಸಿನದ ಧಾರಣೆಯಾಗಲಿ, ಆನೆಯು ಹೊಲಕ್ಕಿಳಿದ ವಾರ್ತೆಯಾಗಲಿ, ಅಚ್ಚಾದುದರ ಸತ್ಯಾಸತ್ಯವನ್ನು ಆತನು ಸಂಜೆಯೊಳಗಾಗಿ ಕಣ್ಣಾರೆ ಪರೀಕ್ಷಿಸಬಲ್ಲನು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಂದಿನಿಂದ ಕನ್ನಡ ಪತ್ರಿಕೆಯು ಗಳಿಸಿದ ಆಸ್ತಿಯೆಂದರೆ ಇಂಥ ಓದುಗನ ವಿಶ್ವಾಸವೇ. ಆ ಆಸ್ತಿಯು ಈಚೆಗೆ ಸವೆದಿದೆ. ಕಿರುಚುವ ಪರದೆಗಳೂ ಕಾಸಿನ ಸುದ್ದಿಯೂ ಅದಕ್ಕೆ ಕಾರಣವೆಂಬುದನ್ನು ನಾನು ಅಲ್ಲಗಳೆಯಲಾರೆ.

ಆದರೂ 2021ರ ಮೇ 2ರ ಆ ಕರಾಳ ರಾತ್ರಿಯನ್ನು ನೆನೆದಾಗಲೆಲ್ಲ ಪತ್ರಿಕಾವೃತ್ತಿಗೆ ನನ್ನ ಮನಸ್ಸು ಬಾಗುತ್ತದೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ಅಸುನೀಗಿದರು. ಆ ಅಭಾವದಿಂದ ಮಡಿದವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲಿಗೆ ಹೇಳಿಕೆ ಬಂದಿತು. ಕೋವಿಡ್ ರೋಗದ ಭೀತಿಯು ಹೊಸ್ತಿಲು ಹೊಸ್ತಿಲಿನಲ್ಲಿಯೂ ಕಾದಿದ್ದ ಆ ದಿನಗಳಲ್ಲಿ ವರದಿಗಾರರು ಆ ಸಂಖ್ಯೆಯನ್ನು ಬರೆದುಕೊಂಡು ಸುಮ್ಮನಾಗದೆ, ಮೃತರ ಬಂಧುಗಳ ಮಾತನ್ನು ಸಾವಧಾನದಿಂದ ಆಲಿಸಿ, ಅಂಕೆಯೊಳಗೆ ಅಡಗಿದ್ದ ತಂದೆಯನ್ನೂ ಮಗನನ್ನೂ ಹೆಸರಿಟ್ಟು ಲೋಕಕ್ಕೆ ಕಾಣಿಸಿದರು. ಅನಂತರ ವಿಚಾರಣೆಗಳಾದವು. ಚಹದಂಗಡಿಯ ಬೆಂಚಿನ ಮೇಲೆ ಒಬ್ಬನು ಓದಿ ಹತ್ತು ಮಂದಿ ಕೇಳುವ ಈ ಸೀಮೆಯಲ್ಲಿ, ಆ ಹೆಸರುಗಳು ಕೇಳುವವರಿಗೆ ಅಪರಿಚಿತವಾಗಿರಲಿಲ್ಲ.