ಡೆಕ್ಕಿನ ಮೇಲಿಂದ ಕಂಡ ದಡ

ಪ್ರವಾಸಕಥನ ಓದುವಾಗಲೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬರೆದವರು ಆ ರಾತ್ರಿ ಎಲ್ಲಿ ಮಲಗಿದ್ದರು? ಊರಿನ ಮುಸಾಫಿರ್‌ಖಾನೆಯಲ್ಲಿ ಮಲಗಿದವರ ಬರಹ ಒಂದು ಬಗೆ. ಸಂಜೆಯಾಗುತ್ತಲೇ ತಮ್ಮ ಹಡಗಿಗೆ ಮರಳಿ ಬಾಗಿಲು ಹಾಕಿಕೊಂಡವರ ಬರಹ ಇನ್ನೊಂದು ಬಗೆ. ಎಡಿತ್ ವಾರ್ಟನ್‌ರ ‘ದಿ ಕ್ರೂಸ್ ಆಫ್ ದಿ ವನಾಡಿಸ್’ ಎರಡನೆಯ ಬಗೆಯದು.

‘ದಿ ಏಜ್ ಆಫ್ ಇನೊಸೆನ್ಸ್’ ಕಾದಂಬರಿಗೆ 1921ರಲ್ಲಿ ಪುಲಿಟ್ಝರ್ ಪ್ರಶಸ್ತಿ ಪಡೆದ ಅಮೆರಿಕನ್ ಲೇಖಕಿ ಈಕೆ. 1888ರಲ್ಲಿ ಅವರಿಗೆ 26 ವರ್ಷ, ಮದುವೆಯಾಗಿ ಮೂರು ವರ್ಷ. ಆ ಫೆಬ್ರವರಿಯಲ್ಲಿ ಪತಿ ಟೆಡ್ಡಿ ಮತ್ತು ಒಬ್ಬ ಗೆಳೆಯನ ಜೊತೆ ಬಾಡಿಗೆಯ ಪುಟ್ಟ ಉಗಿಹಡಗಿನಲ್ಲಿ ಆಲ್ಜಿಯರ್ಸ್‌ನಿಂದ ಹೊರಟರು. ದಂಪತಿಗಳ ಒಂದು ವರ್ಷದ ಆದಾಯವೇ ಅದಕ್ಕೆ ಖರ್ಚಾಯಿತು. ಟ್ಯೂನಿಸ್, ಮಾಲ್ಟಾ, ರೋಡ್ಸ್, ಕಿಯೋಸ್, ಸ್ಮಿರ್ನಾ (ಇಂದಿನ ಇಝ್ಮಿರ್), ಮಿಟಿಲಿನಿ ಎಂದು ಬಂದರಿನಿಂದ ಬಂದರಿಗೆ ಸಾಗಿ, ಮೇ ತಿಂಗಳಲ್ಲಿ ಇಟಲಿಯ ಆಂಕೋನಾದಲ್ಲಿ ಪ್ರಯಾಣ ಮುಗಿಯಿತು. ಆಗ ಬರೆದ ದಿನಚರಿ ಫ್ರಾನ್ಸಿನ ಇಯೇರ್ ಊರಿನ ಗ್ರಂಥಾಲಯದಲ್ಲಿ ಸುಮಾರು ನೂರು ವರ್ಷಗಳ ನಂತರ ಸಿಕ್ಕಿ ಪುಸ್ತಕವಾಯಿತು.

ಈ ಬರಹದ ಶಕ್ತಿ ಕಣ್ಣಿನಲ್ಲಿದೆ. ಕಲ್ಲಿನ ಕೆತ್ತನೆ, ಪೇಟೆಯ ಬಣ್ಣ, ಹೆಂಗಸರ ಉಡುಪು, ದ್ವೀಪದ ಕಾಡುಹೂವು ಯಾವುದೂ ಆ ಕಣ್ಣಿಗೆ ತಪ್ಪುವುದಿಲ್ಲ. ಆದರೆ ಕಥೆ ಬರೆಯುವ ನನಗೆ ಹಸಿವಾಗುವುದು ಮಾತಿಗಾಗಿ. ದಡದ ಮನುಷ್ಯರು ಇಲ್ಲಿ ಮಾತಾಡುವುದು ತೀರಾ ಕಡಿಮೆ. ಅವರು ದೃಶ್ಯದ ಭಾಗ. ಹಡಗು ನಡೆಸಿದ ಖಲಾಸಿಗಳೂ ನೆರಳಿನಂತೆಯೇ ಸರಿದುಹೋಗುತ್ತಾರೆ. ಗಂಡ ಕೂಡ ‘ನಾವು’ ಎಂಬ ಪದದೊಳಗೆ ಅಡಗಿಬಿಟ್ಟಿದ್ದಾನೆ. 1913ರಲ್ಲಿ ವಿಚ್ಛೇದನದಲ್ಲಿ ಮುಗಿದ ದಾಂಪತ್ಯವದು ಎಂದು ತಿಳಿದವರಿಗೆ ಈ ‘ನಾವು’ ಬಹಳ ಒಂಟಿಯಾಗಿ ಕೇಳಿಸುತ್ತದೆ.

ಆಗಿನ ಆ ಬಂದರುಗಳು ಬರಿಯ ಚಿತ್ರಗಳಾಗಿದ್ದವೇ? ಆಲ್ಜಿಯರ್ಸ್ 1830ರಲ್ಲಿ, ಟ್ಯೂನಿಸ್ 1881ರಲ್ಲಿ ಫ್ರಾನ್ಸಿನ ಕೈಸೇರಿದ್ದವು. ಕಿಯೋಸ್ 1822ರ ಹತ್ಯಾಕಾಂಡವನ್ನೂ 1881ರ ಭೂಕಂಪವನ್ನೂ ಕಂಡಿತ್ತು. ರೋಡ್ಸ್‌ನ ಕೋಟೆಯೊಳಗೆ ತುರ್ಕರೂ ಯಹೂದಿಗಳೂ, ಕೋಟೆಯ ಹೊರಗೆ ಗ್ರೀಕರೂ ವಾಸವಾಗಿದ್ದರು. ಗ್ರೀಕರು ಸೂರ್ಯಾಸ್ತದೊಳಗೆ ಕೋಟೆ ಬಿಟ್ಟು ಹೊರಡಬೇಕಿತ್ತು. ಇದು ಸಮಾನತೆಯ ಬದುಕಲ್ಲ, ನಮ್ಮವರ ಆಳ್ವಿಕೆಯೆಂದು ಅದನ್ನು ನಾವು ಹೊಗಳಬೇಕಾಗಿಯೂ ಇಲ್ಲ. ಆದರೂ ಅದು ಜೊತೆಗಿನ ಬದುಕಾಗಿತ್ತು. ಸಂಜೆ ಹಡಗಿಗೆ ಮರಳುವವರಿಗೆ ಸಂಜೆ ಕೋಟೆ ಬಿಡುವವರ ಕಥೆ ದಕ್ಕಲಿಲ್ಲ.

ಒಂದು ಕಡೆ ಮಾತ್ರ ಈ ನೋಟ ಅಲುಗಾಡುತ್ತದೆ. ಆಥೋಸ್ ಪರ್ವತದ ಕ್ರೈಸ್ತ ಮಠಗಳಿಗೆ ಹೆಣ್ಣಿಗೆ ಪ್ರವೇಶವಿಲ್ಲ, ಇಂದಿಗೂ ಇಲ್ಲ. ಗಂಡಸರು ಇಳಿದು ಮಠ ನೋಡಲು ಹೋದರು. ವಾರ್ಟನ್ ಸಣ್ಣ ದೋಣಿಯಲ್ಲಿ ದಡದ ಹತ್ತಿರಕ್ಕೆ ಬಂದಾಗ ಸನ್ಯಾಸಿಗಳು ಗಾಬರಿಯಿಂದ ಗುಡ್ಡ ಇಳಿದು ಓಡಿಬಂದರು. ನನಗೆ ಇಡೀ ಪುಸ್ತಕದ ಜೀವಂತ ಪುಟ ಇದೇ. ಇಷ್ಟು ದಿನ ನೋಡುತ್ತಿದ್ದವಳನ್ನು ಈಗ ದಡವೇ ನೋಡುತ್ತಿದೆ. ಪರದೆ ಎಂದರೆ ಮುಸ್ಲಿಮರ ಮನೆಯದ್ದು ಮಾತ್ರ ಎಂದುಕೊಂಡವರು ಈ ಪುಟವನ್ನು ನಿಧಾನವಾಗಿ ಓದಬೇಕು.

ಅಚ್ಚಾದ ಅವರ ಮೊದಲ ಕಥೆ ‘ಮಿಸೆಸ್ ಮ್ಯಾನ್‌ಸ್ಟೀಸ್ ವ್ಯೂ’ (1891). ಕಿಟಕಿಯಿಂದ ಕಾಣುವ ನೋಟವೊಂದನ್ನೇ ನೆಚ್ಚಿ ಬದುಕುವ ಬಡ ವಿಧವೆಯ ಕಥೆ ಅದು. ಆ ನೋಟಕ್ಕೂ ಅಡ್ಡವಾಗಿ ಕಟ್ಟಡ ಏಳತೊಡಗುತ್ತದೆ. ನೋಟ ಕಸಿದುಕೊಂಡಾಗ ಏನಾಗುತ್ತದೆಂಬುದು ಆಥೋಸ್‌ನ ದೋಣಿಯಲ್ಲಿ ಕುಳಿತವರಿಗೆ ಸ್ವಲ್ಪವಾದರೂ ತಿಳಿದಿರಬೇಕು ಎಂದು ನನಗನಿಸುತ್ತದೆ. ಮುಂದೆ 1914ರ ಯುದ್ಧ ಬಂದಾಗ ಅವರು ಪ್ಯಾರಿಸ್‌ನಲ್ಲಿ ನಿರಾಶ್ರಿತರಿಗೆ ವಸತಿ ಕಟ್ಟಿ ದುಡಿದರು. ಆದರೆ 1917ರಲ್ಲಿ ಮೊರಾಕ್ಕೊ ನೋಡಿದ್ದು ಮತ್ತೆ ಆಳುವವರ ಅತಿಥಿಯಾಗಿ, ಫ್ರೆಂಚ್ ಜನರಲ್ ಲಿಯೋಟಿಯ ಆಶ್ರಯದಲ್ಲಿ. ಕಲಿತದ್ದನ್ನು ಮರೆಯುವುದು ಎಷ್ಟು ಸುಲಭ!

ವಾರ್ಟನ್ ಕಂಡ ಬಂದರುಗಳು ಉಳಿಯಲಿಲ್ಲ. 1922ರ ಸೆಪ್ಟೆಂಬರ್‌ನಲ್ಲಿ ಸ್ಮಿರ್ನಾ ಹೊತ್ತಿ ಉರಿಯಿತು. ಗ್ರೀಕರೂ ಅರ್ಮೇನಿಯನ್ನರೂ ಬಂದರಿನ ಕಟ್ಟೆಯ ಮೇಲೆ ಕಿಕ್ಕಿರಿದು ನಿಂತಿದ್ದರು. ಎದುರಿಗೇ ಇದ್ದ ವಿದೇಶಿ ಯುದ್ಧನೌಕೆಗಳು ಮೊದಮೊದಲು ತಟಸ್ಥರೆಂದು ಸುಮ್ಮನಿದ್ದವು. 1923ರ ಒಪ್ಪಂದದ ಪ್ರಕಾರ ಮಿಟಿಲಿನಿಯ ಮುಸ್ಲಿಮರೂ ಮನೆಮಠ ಬಿಟ್ಟು ಹಡಗು ಹತ್ತಿದರು. ರೋಡ್ಸ್‌ನ ಯಹೂದಿಗಳನ್ನು ನಾಜಿಗಳು 1944ರಲ್ಲಿ ಆಶ್‌ವಿಟ್ಸ್‌ಗೆ ಸಾಗಿಸಿದರು.

ಇದಕ್ಕೆಲ್ಲ 26ರ ಹುಡುಗಿಯ ದಿನಚರಿ ಹೊಣೆಯಲ್ಲ. ಆದರೆ ದಡವನ್ನು ಬರಿಯ ದೃಶ್ಯವಾಗಿ ನೋಡುವ ಅಭ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಸ್ಮಿರ್ನಾದ ಆ ಡೆಕ್ಕುಗಳು ತೋರಿಸಿದವು. ಉರ್ದುವಿನಲ್ಲಿ ಬಂದರ್‌ಗಾಹ್ ಎನ್ನುತ್ತೇವೆ, ಕನ್ನಡದಲ್ಲಿ ಬಂದರು. ಪಾರ್ಸಿಯ ಒಂದೇ ಪದ ಎರಡೂ ಭಾಷೆಗೆ ಬಂದಿಳಿದು ಇಲ್ಲಿಯದೇ ಆಗಿ ಉಳಿಯಿತು. ಪದಗಳಿಗೆ ಇಳಿಯುವುದು ಗೊತ್ತು. ಬರೆಯುವ ನಾವೂ ಇಳಿಯುವುದನ್ನು ಕಲಿಯಬೇಕು, ಒಂದು ರಾತ್ರಿಯಾದರೂ ದಡದಲ್ಲೇ ಮಲಗಬೇಕು.