ಕಂಪ್ಯೂಟರಿನೊಂದಿಗೆ ಹೊಂದಿಕೊಂಡ ಕಂಟ್ರೋಲರ್

ಕಾರ್ ರೇಸಿಂಗ್ ಆಟವನ್ನು ಕೀಬೋರ್ಡಿನಲ್ಲಿ ಆಡಿದವರಿಗೆ ಗೊತ್ತು: ಕೀ ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ಏನೂ ಇಲ್ಲ. ಪ್ಲೇಸ್ಟೇಷನ್ 4ರ ಜೊತೆ 2013ರಲ್ಲಿ ಬಂದ ಡ್ಯುಯಲ್‌ಶಾಕ್ 4 ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಿದರೆ ಆ ಕಷ್ಟ ತೀರುತ್ತದೆ. ತೋರುಬೆರಳಿನ ಕೆಳಗಿರುವ ಆರ್2 ಟ್ರಿಗರ್, ಎಷ್ಟು ಒತ್ತಿದ್ದೇವೆಂದು 0ಯಿಂದ 255ರವರೆಗೆ ಅಳೆದು ಹೇಳುತ್ತದೆ. ತಿರುವಿನಲ್ಲಿ ಬೆರಳನ್ನು ಕೊಂಚವೇ ಸಡಿಲಿಸಿ ನೋಡಿ, ಕಾರಿನ ವೇಗವೂ ಕೊಂಚವೇ ಇಳಿಯುತ್ತದೆ. ಈ ನಯಕ್ಕೆ ನಾನು ಮಾರುಹೋಗಿದ್ದೇನೆ.

ಆದರೆ ವಿಂಡೋಸ್‌ನ ಎಷ್ಟೋ ಆಟಗಳಿಗೆ ಅರ್ಥವಾಗುವುದು ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎಕ್ಸ್‌ಇನ್‌ಪುಟ್ ಎಂಬ ಭಾಷೆ ಮಾತ್ರ. ನಡುವೆ ದುಭಾಷಿಯಾಗಿ ನಿಲ್ಲುವುದು ಡಿಎಸ್4ವಿಂಡೋಸ್ ಎಂಬ ಉಚಿತ ತಂತ್ರಾಂಶ. ಅದರ ದಯೆಯಿಂದ ಆಟಕ್ಕೆ ಡ್ಯುಯಲ್‌ಶಾಕ್ 4 ಎಕ್ಸ್‌ಬಾಕ್ಸ್ 360ರ ಕಂಟ್ರೋಲರಾಗಿಯೇ ಕಾಣುತ್ತದೆ. ಪರದೆ ‘ಎ ಒತ್ತಿ’ ಎಂದಾಗ ಹೆಬ್ಬೆರಳು ಕತ್ತರಿ ಗುರುತಿನ ಗುಂಡಿ ಹುಡುಕಬೇಕು, ಅದು ಬೇಗ ರೂಢಿಯಾಗುತ್ತದೆ.

2016ರ ಕೊನೆಯಲ್ಲಿ ಕಂಪ್ಯೂಟರ್ ಆಟಗಳ ಮಾರಾಟ ತಾಣವಾದ ಸ್ಟೀಮ್ ಕೂಡ ಈ ಕಂಟ್ರೋಲರನ್ನು ನೇರವಾಗಿ ಒಪ್ಪಿಕೊಂಡಿತು. ಕಂಟ್ರೋಲರ್ ಎಷ್ಟು ವಾಲಿತೆಂದು ಗುರುತಿಸುವ, ಒಳಗಿನ ಜೈರೋ ಸಂವೇದಕಕ್ಕೂ ಅಲ್ಲಿ ಕೆಲಸವಿದೆ. ಆಟದಲ್ಲಿ ಬಿಲ್ಲಿನ ಗುರಿಯನ್ನು ಸ್ಟಿಕ್‌ನಿಂದ ಹತ್ತಿರ ತಂದು, ಉಳಿದ ಕೂದಲೆಳೆಯಷ್ಟನ್ನು ಮಣಿಕಟ್ಟು ವಾಲಿಸಿಯೇ ಸರಿಪಡಿಸಬಹುದು.