ವಿಜೇತರ ಕಾವ್ಯದಲ್ಲಿ ಭಟ್ಕಳ

ಪೋರ್ಚುಗೀಜರ ಮಹಾಕವಿಯಾದ ಕಮೋಯೆನ್ಸನ ‘ಲೂಸಿಯಾಡ್ಸ್’ 1572ರಲ್ಲಿ ಲಿಸ್ಬನ್ ನಗರದಲ್ಲಿ ಪ್ರಕಟವಾಯಿತು. ವಾಸ್ಕೋ ಡ ಗಾಮನ ಸಮುದ್ರಯಾನವೇ ಅದರ ವಸ್ತು. ಹತ್ತನೆಯ ಸರ್ಗದಲ್ಲಿ ಅಪ್ಸರೆಯೊಬ್ಬಳು ಆ ಜನಾಂಗದ ಮುಂದಣ ವೀರರ ಸಾಹಸಗಳನ್ನು ಭವಿಷ್ಯರೂಪವಾಗಿ ಹಾಡುತ್ತಾಳೆ. ಭಟ್ಕಳದ ಹೆಸರು ಬರುವುದು ಆ ಹಾಡಿನಲ್ಲಿಯೇ.

1542ರಲ್ಲಿ ಗವರ್ನರ ಮಾರ್ಟಿಂ ಅಫೋನ್ಸೋ ದ ಸೋಜನು ಈ ಪಟ್ಟಣವನ್ನು ಸುಟ್ಟು ಸೂರೆಗೈದನು. ಕವಿಗೆ ಅದು ಉದ್ಧಟತನಕ್ಕೆ ತಕ್ಕ ಶಿಕ್ಷೆ. ದೇಶವೆಲ್ಲ ಅಂಜಿ ಸುಮ್ಮನಿದ್ದಾಗ ಭಟ್ಕಳವೊಂದೇ ಆ ಶಿಕ್ಷೆಯನ್ನು ಬೇಡಿ ಪಡೆಯಿತೆಂಬುದು ಅವನ ಅಭಿಪ್ರಾಯ. ಎಂಟು ಸಾಲುಗಳ ಆ ಪದ್ಯದಲ್ಲಿ ರಕ್ತವೂ ಬೆಂಕಿಯೂ ಕಣ್ಣಿಗೆ ಕಟ್ಟುವಂತಿವೆ. ಶಬ್ದಮಿತಿಯೂ ಓಜಸ್ಸೂ ಪ್ರಶಂಸನೀಯವಾಗಿವೆ. ಆದರೆ ಕಾದಿದವರಿಗೆ ಅಲ್ಲಿ ಮುಖವಿಲ್ಲ, ಮಾತಿಲ್ಲ, ಕಾರಣವಿಲ್ಲ. ಕಪ್ಪವನ್ನು ತಡೆದ ರಾಣಿಯ ಸುಳಿವೇ ಇಲ್ಲ. ಕೊಳ್ಳೆಯ ಪಾಲಿಗಾಗಿ ಸೈನಿಕರು ತಮ್ಮೊಳಗೇ ಜಗಳವಾಡಿದರೆಂದೂ, ಆ ಸಮಯವರಿತು ಪಟ್ಟಣಿಗರು ಅವರನ್ನು ಹಡಗುಗಳತ್ತ ಹಿಮ್ಮೆಟ್ಟಿಸಿದರೆಂದೂ, ಮರುದಿನದ ದಹನವು ಅದರ ಸೇಡೆಂದೂ ಪೋರ್ಚುಗೀಜ ಇತಿಹಾಸಕಾರರೇ ಬರೆದಿದ್ದಾರೆ. ಕವಿಯು ಅದನ್ನು ಬಿಟ್ಟನು.

ಈ ಲೋಪವು ಕೇವಲ ಚರಿತ್ರೆಯ ಲೋಪವಲ್ಲ, ಕಾವ್ಯದೋಷವೂ ಹೌದು. ಪ್ರತಿನಾಯಕನು ಕುಗ್ಗಿದಲ್ಲಿ ವೀರರಸವೂ ಕುಗ್ಗುತ್ತದೆ. ಭೀಮನ ಜಯವನ್ನು ಹಾಡಹೊರಟ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಕೊಟ್ಟ ಘನತೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಲ್ಸ್ ದೇಶವನ್ನು ನಾರ್ಮನ್ ಪಾಳೆಯಗಾರರು ಆಕ್ರಮಿಸುತ್ತಿದ್ದ ಕಾಲದಲ್ಲಿ, ಉಭಯ ರಕ್ತದಿಂದ ಜನಿಸಿದ ಜೆರಾಲ್ಡನು 1194ರ ಸುಮಾರಿಗೆ ಆ ದೇಶವನ್ನು ವರ್ಣಿಸಿದನು. ಅದನ್ನು ಗೆಲ್ಲುವ ಉಪಾಯವನ್ನು ಹೇಳಿದವನು, ವೇಲ್ಸಿನವರು ಎದುರಿಸಿ ನಿಲ್ಲುವ ಉಪಾಯವನ್ನೂ ಹೇಳಿದನು. ಅಂತಹ ಸಮದೃಷ್ಟಿ ಇಲ್ಲಿ ದೊರೆಯದು.

ಆದರೂ ಈ ಪದ್ಯವು ತ್ಯಾಜ್ಯವಲ್ಲ. ‘ಭಟ್ಕಳವೊಂದೇ’ ಎಂಬ ಭಾವವು ನಿಂದೆಯಾಗಿ ಹೊರಟು ಸ್ತುತಿಯಾಗಿ ಮುಟ್ಟುತ್ತದೆ. ದೇಶವೆಲ್ಲ ನಡುಗಿತೆಂಬ ಮಾತೂ ನಿಲ್ಲಲಾರದು. ಕಾವ್ಯವು ಪ್ರಕಟವಾಗುವುದಕ್ಕೆ ಮೂರೇ ವರ್ಷ ಮುಂಚೆ, 1569ರಲ್ಲಿ, ಗೆರಸೊಪ್ಪೆಯ ರಾಣಿಯ ಹೊನ್ನಾವರದ ಕೋಟೆಯನ್ನು ಪೋರ್ಚುಗೀಜರು ಕಾದಿಯೇ ಹಿಡಿಯಬೇಕಾಯಿತು. ‘ಕಾಳುಮೆಣಸಿನ ರಾಣಿ’ಯೆಂದು ಅವರೇ ಕರೆದ ಚೆನ್ನಭೈರಾದೇವಿಯ ಹೆಸರು ಕುಮಟೆಯ ಮಿರ್ಜಾನ ಕೋಟೆಯೊಡನೆ ಇಂದಿಗೂ ಜನರ ಬಾಯಲ್ಲಿದೆ. ಗೆದ್ದವರ ಕಾವ್ಯವನ್ನು ಸೋತವರ ನೆಲದಲ್ಲಿ ನಿಂತು ಓದಿದಾಗ, ಕವಿ ಹೇಳಬಯಸದಿದ್ದುದೂ ಕೇಳಿಬರುತ್ತದೆ.